ಹಿಪ್ಪೆತೋಪಿನ ಪಾಲುದಾರರು

ಮೊಣಕಾಲು ಹಿಡಿದುಕೊಂಡಿತ್ತು. ಗುರುಸಿದ್ದಯ್ಯ ಹಿಪ್ಪೆಮರದ ಬುಡಕ್ಕೆ ಬೆನ್ನು ಕೊಟ್ಟು, ಎರಡೂ ಕಾಲು ಮುಂದಕ್ಕೆ ಚಾಚಿ, ಈಗಲೇ ಏಳುವುದೋ ಇನ್ನಷ್ಟು ಹೊತ್ತು ಕೂರುವುದೋ ಎಂದು ಯೋಚಿಸುತ್ತಿರುವಾಗ ತೋಪಿನ ಅಂಚಿನಲ್ಲಿ ಲೂನಾ ಮೊಪೆಡ್ಡಿನ ಸದ್ದು ಕೇಳಿಸಿತು. ಮಲಗಿ ಮೆಲುಕು ಹಾಕುತ್ತಿದ್ದ ದನಗಳು ಒಮ್ಮೆ ಕಿವಿ ನಿಮಿರಿಸಿ ಮತ್ತೆ ಸುಮ್ಮನಾದವು. ಬಸಪ್ಪ ಮಾತ್ರ ತಲೆಯೆತ್ತಿ ನೋಡಿದ. ದೇವರ ಬಸವನಾಗಿ ಊರು ತಿರುಗಿ ಅವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಾಗಿತ್ತು. ತನ್ನನ್ನು ಹುಡುಕಿಕೊಂಡು ಬರುವವರ ಕೈಯಲ್ಲಿ ಒಂದು ಚೂರು ಬೆಲ್ಲವಾದರೂ ಇರುತ್ತದೆ.

ಬಂದವನು ಗಂಗಹನುಮಯ್ಯ. ಆ ವರ್ಷದ ಚುನಾವಣೆಯಲ್ಲಿ ಗೆದ್ದು ಮಂಡಲ ಪಂಚಾಯ್ತಿಯ ಪ್ರಧಾನನಾದವನು. ಗೆದ್ದಾಗ ಇದ್ದ ಕಳೆ ಎರಡು ತಿಂಗಳಿಗೇ ಇಳಿದುಹೋಗಿತ್ತು. ಗುಬ್ಬಿಗೆ ಒಂದು ಸಲ, ತುಮಕೂರಿಗೆ ಒಂದು ಸಲ ಎಂದು ಅಲೆದು ಅಲೆದು ಲೂನಾದ ಸೀಟಿಗಿಂತ ಹೆಚ್ಚಾಗಿ ಅವನೇ ಸವೆದಿದ್ದ. ಬೆಲ್ಲವನ್ನು ಬಸಪ್ಪನ ಬಾಯಿಗಿಟ್ಟು, ಬಿಳಿ ಪಂಚೆಯ ಚಿಂತೆ ಮಾಡದೆ ಗುರುಸಿದ್ದಯ್ಯನ ಪಕ್ಕದಲ್ಲಿ ಉದುರಿದ ಹೂವಿನ ಮೇಲೆಯೇ ಕುಳಿತ.

"ಇವತ್ತಿಗೆ ಎಷ್ಟು ದಿನ ಆಯ್ತು ಅಯ್ನೋರೇ?"

"ಆರು."

"ಏನಂತಾವೆ?" ಎಂದು ದನಗಳ ಕಡೆ ಗಲ್ಲ ತೋರಿಸಿದ.

"ಏನಂತಾವೆ. ಮೆಲುಕು ಹಾಕ್ತವೆ."

ಗಂಗಹನುಮಯ್ಯ ನಕ್ಕ. ಆ ನಗುವಿನಲ್ಲಿ ಹುರುಪಿರಲಿಲ್ಲ. ಆಮೇಲೆ ಹಳೆಯ ಮಾತನ್ನೇ ಮತ್ತೆ ಶುರುಮಾಡಿದ. ದನದ ಆಸ್ಪತ್ರೆ ಮಂಜೂರಾಗಿದೆ, ಈ ತಿಂಗಳೊಳಗೆ ಜಾಗ ತೋರಿಸದಿದ್ದರೆ ಬೇರೆ ಮಂಡಲಕ್ಕೆ ಹೋಗುತ್ತದೆ. ಗೋಮಾಳದಲ್ಲಿ ಕಟ್ಟೋಣವೆಂದರೆ ಅರ್ಧಕ್ಕೆ ನೀಲಗಿರಿ ನೆಟ್ಟಾಗಿದೆ, ಇನ್ನರ್ಧವನ್ನು ಊರಿನವರೇ ಉತ್ತುಕೊಂಡಿದ್ದಾರೆ. ಬಿಡಿಸಲು ಹೋದರೆ ಮೊದಲು ಬಿಡಿಸಬೇಕಾದದ್ದು ತನ್ನ ಭಾವನನ್ನೇ. ಇನ್ನು ಉಳಿದದ್ದು ತೋಪು. ಆಸ್ಪತ್ರೆಗೆ ಒಂದು ಮೂಲೆ ಸಾಕು, ಆದರೆ ಕಟ್ಟಡಕ್ಕೆ ಊರಿನ ವಂತಿಗೆ ಕೊಡಬೇಕು. ವಂತಿಗೆ ಎತ್ತಲು ಹೋದರೆ ಬಾಗಿಲು ಹಾಕಿಕೊಳ್ಳುವ ಊರು ಇದು. ತುಮಕೂರಿನ ಶಿರಾ ಗೇಟಿನ ಸಾಮಿಲ್ಲಿನವನೊಬ್ಬ ಮರಗಳನ್ನೆಲ್ಲ ಒಟ್ಟಿಗೆ ಕೊಳ್ಳುತ್ತೇನೆಂದಿದ್ದಾನೆ, ಆ ದುಡ್ಡಿನಲ್ಲೇ ವಂತಿಗೆ ಕಟ್ಟಬಹುದು.

"ಕುಣಿಗಲ್ ಫಾರಮ್ಮಿನ ಕುದುರೆಗೆ ಡಾಕ್ಟ್ರು ಪಕ್ಕದಲ್ಲೇ ಮನೆ ಮಾಡ್ಕೊಂಡವ್ರೆ. ನಮ್ಮ ದನಕ್ಕೆ ಸೂಜಿ ಚುಚ್ಚಿಸ್ಬೇಕು ಅಂದ್ರೆ ಗುಬ್ಬಿಗೆ ಹೊಡ್ಕೊಂಡು ಹೋಗ್ಬೇಕು," ಎಂದ. ಆಮೇಲೆ ದನಿ ತಗ್ಗಿಸಿ ಹೇಳಿದ. "ನಾನು ಇಂಥದ್ದೇ ಹೇಳಿ ಅನ್ನಲ್ಲ ಅಯ್ನೋರೇ. ಹೂಂ ಅಂದ್ರೂ ಸೈ, ಬ್ಯಾಡ ಅಂದ್ರೂ ಸೈ. ಒಂದು ಹೇಳ್ಬುಡಿ. ನಂಗೂ ಸಾಕಾಗೈತೆ."

ಮಂಡಲದ ಸಭೆಯಲ್ಲಿ ತೀರ್ಮಾನವೇನೋ ಆಗಿಹೋಗಿತ್ತು. ಪ್ರಧಾನರು ಓದಿದರು, ಸದಸ್ಯರು ಕೋಲೆಬಸವನ ಹಾಗೆ ತಲೆಯಾಡಿಸಿ ಕಾಫಿ ಕುಡಿದು ಹೋದರು. ಆದರೆ ಹಿಪ್ಪೆಹಳ್ಳಿಯಲ್ಲಿ ಕಾಗದಕ್ಕೆ ಬೀಳುವ ಸಹಿಯೇ ಬೇರೆ, ಮರಕ್ಕೆ ಬೀಳುವ ಕೊಡಲಿಯೇ ಬೇರೆ. ಕೆರೆ, ತೋಪು, ಗೋಮಾಳ, ಈ ಮೂರರಲ್ಲಿ ಏನೇ ಮಾಡುವುದಿದ್ದರೂ ಬಸಪ್ಪನ ಅಪ್ಪಣೆ ಆಗಬೇಕು. ಮನೆ ಕಟ್ಟಲು, ಮದುವೆ ಮಾಡಲು ಯಾರೂ ಅವನನ್ನು ಕೇಳುವುದಿಲ್ಲ, ಅದು ಮನುಷ್ಯರ ಪಾಡು. ಈ ಮೂರರಲ್ಲಿ ಮಾತ್ರ ಮೂಕಜೀವಗಳ ಪಾಲಿದೆ, ಪಾಲುದಾರರನ್ನು ಕೇಳದೆ ಆಸ್ತಿ ಮಾರುವುದಕ್ಕೆ ಬರುವುದಿಲ್ಲ ಎಂದು ಹಿಂದಿನವರು ಮಾಡಿದ ಕಟ್ಟಳೆ. ಗೋಮಾಳಕ್ಕೆ ನೀಲಗಿರಿ ಹಾಕಿದವರು ಕೇಳಿರಲಿಲ್ಲ. ಅವರು ಸರ್ಕಾರದ ಜೀಪಿನಲ್ಲಿ ಬಂದಿದ್ದರು, ಕೇಳಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಗಂಗಹನುಮಯ್ಯ ಊರಿನವನು. ಕೇಳದಿದ್ದರೆ ಅವನ ಹೆತ್ತ ತಾಯಿಯೇ ಅವನ ಮನೆಯಲ್ಲಿ ಅನ್ನ ಮುಟ್ಟುತ್ತಿರಲಿಲ್ಲ.

ಕೇಳುವ ಕ್ರಮವೂ ಒಂದಿತ್ತು. ಅಪ್ಪಣೆಗೆ ಮುಂಚೆ ಎಂಟು ದಿನ ಬಸವನ ಪೂಜಾರಿ ದನದ ಹಿಂದೆ ಹೋಗಬೇಕು. ಅವು ಮೇಯುವ ಕಡೆ ನಿಲ್ಲಬೇಕು, ನೀರು ಕುಡಿಯುವ ಕಡೆ ಕುಡಿಯಬೇಕು, ಮಲಗುವ ನೆರಳಲ್ಲಿ ತಾನೂ ಮಲಗಬೇಕು. ಒಂಬತ್ತನೆಯ ದಿನ ಬಸಪ್ಪನ ಮುಂದೆ ಮಡಿಬಟ್ಟೆ ಹಾಸಿ ಕೇಳುತ್ತಾರೆ. ಬಲಗಾಲೆತ್ತಿ ಬಟ್ಟೆಯ ಮೇಲಿಟ್ಟರೆ ಒಪ್ಪಿಗೆ. ಮುಖ ತಿರುಗಿಸಿಕೊಂಡು ಹೊರಟರೆ ಇಲ್ಲ.

ಪಾದ ಹೇಗೆ ಮೇಲೇಳುತ್ತದೆ ಎಂಬುದು ಗುರುಸಿದ್ದಯ್ಯನಿಗೆ ಅಪ್ಪ ಹೇಳಿಕೊಟ್ಟಿದ್ದ. ಬಲಹೆಗಲಿನ ಹಿಂದೆ, ಮಡಿಕೆ ಬೀಳುವ ಕಡೆ, ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿದರೆ ಬಸಪ್ಪ ಕಾಲೆತ್ತುತ್ತಾನೆ. ಮೂಗುದಾರದ ಹಗ್ಗವನ್ನು ಒಂದು ಬೆರಳಿನಷ್ಟು ಎಡಕ್ಕೆ ಎಳೆದರೆ ತಿರುಗುತ್ತಾನೆ. ಹುಡುಗನಾಗಿದ್ದ ಗುರುಸಿದ್ದಯ್ಯ ಅವತ್ತು ಬೆಚ್ಚಿಬಿದ್ದಿದ್ದ, ಹಾಗಾದರೆ ಇದೆಲ್ಲ ಸುಳ್ಳೇ ಎಂದು ಕೇಳಿದ್ದ. ಅಪ್ಪ ಬೈಯಲಿಲ್ಲ. "ಮಾತು ದನದ್ದು, ಬಾಯಿ ನಮ್ದು ಕಣೋ. ಎಂಟು ದಿವ್ಸ ನೋಡು, ಏನು ಕಾಣ್ತದೋ ಅದನ್ನ ಹೇಳು. ಮಧ್ಯದಲ್ಲಿ ನಿನ್ನ ಹೊಟ್ಟೆ ತರಬ್ಯಾಡ," ಎಂದಿದ್ದ.

ಆ ಬಾಯಿಯನ್ನು ಗುರುಸಿದ್ದಯ್ಯ ಇಷ್ಟು ವರ್ಷ ಹೊತ್ತುಕೊಂಡು ಬಂದಿದ್ದ. ಕೆರೆಯಂಗಳವನ್ನು ಕರ್ಬೂಜದ ಬೆಳೆಗೆ ಹರಾಜು ಹಾಕುತ್ತೇವೆಂದು ಬಂದಾಗ ಹಗ್ಗ ಎಡಕ್ಕೆ ಎಳೆದಿದ್ದ. ಕೆರೆಗೆ ಸೋಪಾನ ಕಟ್ಟುತ್ತೇವೆಂದಾಗ ಹೆಗಲು ಒತ್ತಿದ್ದ. ಆಗೆಲ್ಲ ಎಂಟು ದಿನ ಬೇಕಾಗುತ್ತಲೇ ಇರಲಿಲ್ಲ, ಮೂರನೆಯ ದಿನಕ್ಕೇ ಗೊತ್ತಾಗುತ್ತಿತ್ತು. ಈ ಸಲ ಆರನೆಯ ದಿನ ಬಂದರೂ ಅವನಿಗೆ ಏನೂ ಗೊತ್ತಾಗಿರಲಿಲ್ಲ.

ಗೊತ್ತಾಗದೆ ಇರುವುದಕ್ಕೆ ಕಾರಣ ಕೆಂದಿ. ಹೋದ ವರ್ಷ ಅವನ ಮನೆಯ ಕೆಂದಿ ಕರು ಹಾಕಲಾಗದೆ ಒದ್ದಾಡಿತು. ಗಾಡಿಯ ಮೇಲೆ ಮಲಗಿಸಿಕೊಂಡು ಗುಬ್ಬಿಗೆ ಹೊರಟರು. ಅರ್ಧ ದಾರಿಯಲ್ಲಿ ಕೆಂದಿ ಅವನ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟಿತು, ಕರು ಒಳಗೇ ಉಳಿಯಿತು. ಅವನಿಗೆ ಮಕ್ಕಳು ಸತ್ತಾಗ ಅತ್ತದ್ದಕ್ಕಿಂತ ಹೆಚ್ಚು ಅವತ್ತು ಅಳು ಬಂದಿತ್ತು. ಆಸ್ಪತ್ರೆ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ತೊಡೆಯ ಮೇಲೆ ಆ ತಲೆಯ ಭಾರ ಬರುತ್ತಿತ್ತು. ಇದು ದನದ ಮಾತೋ, ತನ್ನ ಹೊಟ್ಟೆಯ ಮಾತೋ?

ಇನ್ನೊಂದು ಕಡೆ ತೋಪು ಇತ್ತು. ಬೆಳಗಿನ ಜಾವದಲ್ಲಿ ಹಿಪ್ಪೆಹೂವು ತೊಟ್ಟು ಕಳಚಿ ಉದುರುತ್ತಿತ್ತು. ದನಗಳು ಅದನ್ನು ನೆಕ್ಕಿ ನೆಕ್ಕಿ ತಿನ್ನುತ್ತಿದ್ದವು. ಬಿಸಿಲೇರಿದ ಮೇಲೆ ಊರಿನ ಅಷ್ಟೂ ದನ, ಕುರಿ, ಎಮ್ಮೆ ಇಲ್ಲಿಗೇ ಬರುತ್ತಿದ್ದವು, ಬೇರೆ ನೆರಳೇ ಇರಲಿಲ್ಲ. ಮೇಲೆ ಬಾವಲಿಗಳು ತಲೆಕೆಳಗಾಗಿ ನೇತುಬಿದ್ದು ಹಗಲೆಲ್ಲ ಜಗಳವಾಡುತ್ತಿದ್ದವು. ಕಾಯಿ ಹಣ್ಣಾದಾಗ ಅವು ತಿಂದು ಬೀಳಿಸಿದ ಬೀಜವನ್ನು ಹೆಂಗಸರು ಆಯ್ದು ಗಾಣಕ್ಕೆ ಹಾಕಿಸಿ ದೀಪದೆಣ್ಣೆ ಮಾಡಿಕೊಳ್ಳುತ್ತಿದ್ದರು. ದನಕ್ಕೆ ಬೇಕಾದದ್ದು ನೆರಳೋ ಮದ್ದೋ? ಬಾವಲಿಗೆ ದನದ ಆಸ್ಪತ್ರೆಯಿಂದ ಆಗಬೇಕಾದ್ದೇನು? ಅವುಗಳ ಪಾಲನ್ನು ಬಸಪ್ಪ ಹೇಳುತ್ತಾನೋ? ಯೋಚಿಸಿದಷ್ಟೂ ಗುರುಸಿದ್ದಯ್ಯನಿಗೆ ತಲೆ ಭಾರವಾಗುತ್ತಿತ್ತು.

ಏಳನೆಯ ದಿನ ಪುಟ್ಟತಾಯಮ್ಮ ಸಿಕ್ಕಳು. ಗಂಡ ಸತ್ತ ಮೇಲೆ ಹಿಪ್ಪೆಬೀಜ ಆಯ್ದೇ ಸಂಸಾರ ನೀಗಿಸಿದ ಹೆಂಗಸು, ಈಗ ಬೆನ್ನು ಬಾಗಿದೆ. ಅವಳು ತೋಪು ಉಳಿಸಿ ಎಂದು ಕೇಳಲಿಲ್ಲ. ಬುಟ್ಟಿ ಕೆಳಗಿಟ್ಟು, ಕಾಲು ನೋವು ಹೇಗಿದೆ ಎಂದು ವಿಚಾರಿಸಿ, ಮಜ್ಜಿಗೆ ಕೊಟ್ಟಳು. ಹೊರಡುವಾಗ ಮಾತ್ರ, "ಚೆಂದಾಗಿ ನೋಡಿ ಅಯ್ನೋರೇ, ಆತುರ ಬ್ಯಾಡ," ಎಂದಳು. ಅಷ್ಟು ಹೇಳುವುದಕ್ಕೆ ಅವಳು ಅಷ್ಟು ದೂರದಿಂದ ನಡೆದು ಬಂದಿದ್ದಳು.

ಒಂಬತ್ತನೆಯ ದಿನ ಸೋಮವಾರ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ ಅಡುಗೆಮನೆಯ ಬಾಗಿಲಲ್ಲಿ ನಿಂತಾಗ ಹೆಂಡತಿ ಗಂಗಾಂಬಿಕೆ ತಟ್ಟೆಗೆ ಬೆಲ್ಲ, ಬಾಳೆಹಣ್ಣು ಜೋಡಿಸುತ್ತಿದ್ದಳು. ಪಾದ ಕೊಟ್ಟರೆ ಅದು ಬಸಪ್ಪನಿಗೆ, ಮುಖ ತಿರುಗಿಸಿದರೆ ಊರಿನವರಿಗೆ ಹಂಚುವ ಪ್ರಸಾದ.

"ಇವತ್ತು ನಾನು ಹಗ್ಗ ಹಿಡಿಯಲ್ಲ," ಎಂದ ಗುರುಸಿದ್ದಯ್ಯ. "ಬಸಪ್ಪನೇ ಹೇಳ್ಲಿ."

ಗಂಗಾಂಬಿಕೆ ಕೈ ನಿಲ್ಲಿಸಿ ಅವನ ಮುಖ ನೋಡಿದಳು. "ಅದಕ್ಕೇನು ಗೊತ್ತಾಗ್ತದೆ, ಆಸ್ಪತ್ರೆ ಅಂದ್ರೆ?"

"ನಂಗೇನು ಗೊತ್ತಾಗ್ತದೆ, ದನ ಅಂದ್ರೆ?"

ಅವಳು ಮತ್ತೆ ತಟ್ಟೆ ಜೋಡಿಸತೊಡಗಿದಳು. ಗುರುಸಿದ್ದಯ್ಯನಿಗೆ ಎಷ್ಟೋ ದಿನದ ಮೇಲೆ ಮೈ ಹಗುರವಾದಂತಿತ್ತು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಜನ್ಮದಲ್ಲಿ ಒಂದು ಸಲವಾದರೂ ನಿಜವಾದ ಅಪ್ಪಣೆ ಆಗುತ್ತದೆ. ಇಷ್ಟು ವರ್ಷ ಮುಚ್ಚಿ ಹಿಡಿದಿದ್ದ ಬಸಪ್ಪನ ಬಾಯಿಯನ್ನು ಬಿಟ್ಟುಕೊಟ್ಟರೆ ಅದು ತನ್ನ ಮಾತು ತಾನು ಆಡುತ್ತದೆ ಎಂದು ಅವನು ಮನಸಾರೆ ನಂಬಿದ. ದಣಿದವನಿಗೆ ಇಂಥ ನಂಬಿಕೆ ಬಹಳ ಸಲೀಸಾಗಿ ಬರುತ್ತದೆ.

ತೋಪಿನ ನಡುವಿನ ದೊಡ್ಡ ಮರದ ಕೆಳಗೆ ಊರೇ ಸೇರಿತ್ತು. ಮಡಿಬಟ್ಟೆ ಹಾಸಿ ಅದರ ಮೇಲೆ ಅಕ್ಕಿ ಹರವಿದ್ದರು. ಗುರುಸಿದ್ದಯ್ಯ ಬಸಪ್ಪನನ್ನು ಅದರ ಮುಂದೆ ತಂದು ನಿಲ್ಲಿಸಿ, ಕುಂಕುಮ ಹಚ್ಚಿ, ಕೈಮುಗಿದ. ಆಮೇಲೆ ಹಗ್ಗವನ್ನು ಮೂಗುದಾರದಿಂದ ಬಿಚ್ಚಿ ತನ್ನ ಹೆಗಲಿಗೆ ಹಾಕಿಕೊಂಡು ದೂರ ಸರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಗೆ ನಿಂತದ್ದನ್ನು ಯಾರೂ ಹಿಂದೆ ಕಂಡಿರಲಿಲ್ಲ.

ಗಂಗಹನುಮಯ್ಯ ಮುಂದೆ ಬಂದು ಕೈಮುಗಿದು ಕೇಳಿದ. "ಬಸಪ್ಪ, ತೋಪು ತೆಗೆದು ಆಸ್ಪತ್ರೆ ಕಟ್ಟಾಕೆ ನಿನ್ನ ಕಡೇರ ಒಪ್ಪಿಗೆ ಇದ್ರೆ ಪಾದ ಕೊಡು."

ಬಸಪ್ಪ ಬಾಲ ಬೀಸಿದ. ಕತ್ತು ಹೊರಳಿಸಿ ಗುರುಸಿದ್ದಯ್ಯನ ಕಡೆ ನೋಡಿದ, ಸ್ವಲ್ಪ ಹೊತ್ತು ಹಾಗೇ ಕಾದ. ಹೆಗಲಿನ ಹಿಂದೆ ಬರಬೇಕಾದದ್ದು ಬರಲಿಲ್ಲ. ಒಂದು ಹೂವು ಅವನ ಬೆನ್ನ ಮೇಲೆ ಬಿತ್ತು, ಚರ್ಮ ಅದುರಿಸಿ ಕೆಡವಿಕೊಂಡ. ಗುರುಸಿದ್ದಯ್ಯ ಅವನ ಬಲಗಾಲನ್ನೇ ನೋಡುತ್ತಿದ್ದ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ. ಬಸಪ್ಪನ ಕಣ್ಣು ಅವನನ್ನು ದಾಟಿ ಗಂಗಾಂಬಿಕೆಯ ಕೈಯ ತಟ್ಟೆಯ ಮೇಲೆ ನಿಂತಿತು. ಮೂಗಿನ ಹೊಳ್ಳೆ ಅರಳಿತು. ಬಲಗಾಲನ್ನು ಎತ್ತಿ ಬಟ್ಟೆಯ ಮೇಲಿಟ್ಟ.

ಜನರೆಲ್ಲ ಕೈಮುಗಿದರು. ಗುರುಸಿದ್ದಯ್ಯ ಬಸಪ್ಪನ ಕಣ್ಣಿನ ಜಾಡು ಹಿಡಿದು ತಟ್ಟೆಯ ಕಡೆ ನೋಡಿದ. ಬಸಪ್ಪ ತೋಪನ್ನು ನೋಡಿರಲಿಲ್ಲ, ಆಸ್ಪತ್ರೆಯನ್ನೂ ನೋಡಿರಲಿಲ್ಲ. ಅವನು ನೋಡಿದ್ದು ಬೆಲ್ಲವನ್ನು. ಕಾಲೆತ್ತಿದಾಗಲೆಲ್ಲ ಬೆಲ್ಲ ಕೊಟ್ಟು ಕಲಿಸಿದವನು ತಾನೇ. ಬೇಡ ಎಂದು ಮುಖ ತಿರುಗಿಸಿಕೊಂಡು ಹೋದ ದಿನ ಅವನಿಗೆ ಬರಿಬಾಯಿ. ಬಿಟ್ಟುಕೊಟ್ಟ ಬಾಯಲ್ಲಿ ಬೇರೆ ಮಾತೇ ಉಳಿದಿರಲಿಲ್ಲ.

"ಇನ್ನೊಂದ್ಸಲ ಕೇಳ್ಬೇಕು," ಎಂದ ಗುರುಸಿದ್ದಯ್ಯ.

ದೇವರನ್ನು ಎರಡು ಸಲ ಕೇಳುವುದುಂಟೇ ಎಂದು ಊರಿನ ಹಿರಿಯರು ಗೊಣಗಿದರು. ಗಂಗಹನುಮಯ್ಯನೇ ಅವರನ್ನು ಸುಮ್ಮನಿರಿಸಿದ. "ಅಯ್ನೋರಿಗೆ ಸಮಾಧಾನ ಆಗ್ಲಿ ಬುಡ್ರಪ್ಪ," ಎಂದು ಮತ್ತೆ ಕೈಮುಗಿದು ನಿಂತ. ಗುರುಸಿದ್ದಯ್ಯ ಅವಸರದಲ್ಲಿ ಹೆಗಲಿನ ಹಗ್ಗ ಕೈಗೆ ತೆಗೆದುಕೊಂಡು ಹೆಜ್ಜೆ ಹಾಕಿದ. ಮೂಗುದಾರಕ್ಕೆ ಕಟ್ಟಬೇಕು, ಎಡಕ್ಕೆ ಎಳೆಯಬೇಕು, ಅಷ್ಟೇ. ಮೊಣಕಾಲು ಒಪ್ಪಲಿಲ್ಲ. ಅವನು ಹತ್ತಿರ ಬರುವುದರೊಳಗೆ, ಪ್ರಧಾನನ ಮಾತು ಮುಗಿಯುವುದಕ್ಕೂ ಮೊದಲೇ, ಬಸಪ್ಪ ಪಾದ ಎತ್ತಿ ಇಟ್ಟಾಗಿತ್ತು. ಅಕ್ಕಿ ಚೆಲ್ಲಾಡಿತು. ಕೇಳುವ ಮುಂಚೆಯೇ ಕೊಟ್ಟನಲ್ಲ ಎಂದು ಜನ ಸಂತೋಷದಿಂದ ನಕ್ಕರು. ಗಂಗಾಂಬಿಕೆ ತಟ್ಟೆ ಹಿಡಿದುಕೊಂಡು ಬಂದಳು, ಗಂಡನ ಮುಖ ನೋಡಲಿಲ್ಲ.

ಜನ ಚದುರಿದ ಮೇಲೆ ಗಂಗಹನುಮಯ್ಯ ಹತ್ತಿರ ಬಂದು ನಿಂತ. ಗೆದ್ದವನ ಮುಖವಾಗಿರಲಿಲ್ಲ ಅದು. ಹಗ್ಗ ಬಿಟ್ಟದ್ದೇಕೆ ಎಂದು ಕೇಳಿದ. ಗುರುಸಿದ್ದಯ್ಯ ಕೈಯಲ್ಲಿದ್ದ ಹಗ್ಗ ಸುತ್ತತೊಡಗಿದ. ನೀವು ಬೇಡವೆಂದಿದ್ದರೆ ಭಾವನ ಜೊತೆ ಜಗಳವಾಡಿ ಗೋಮಾಳವನ್ನೇ ಬಿಡಿಸುತ್ತಿದ್ದೆ, ಬಸಪ್ಪನ ಹೆಸರು ಹೇಳಿದರೆ ಅವನೂ ಬಗ್ಗುತ್ತಿದ್ದ ಎಂದು ಪ್ರಧಾನ ನೆಲ ನೋಡುತ್ತ ಹೇಳಿದ. ಈಗ ಕೊಟ್ಟ ಪಾದವನ್ನು ವಾಪಸು ತೆಗೆದುಕೊಳ್ಳಲು ಆಗುವುದಿಲ್ಲ. ಲೂನಾವನ್ನು ಎರಡು ಮೂರು ಸಲ ತುಳಿದು ಹೊರಟುಹೋದ.

ಪುಟ್ಟತಾಯಮ್ಮ ಮರದ ಬೇರಿನ ಮೇಲೆ ಕುಳಿತೇ ಇದ್ದಳು. ಗುರುಸಿದ್ದಯ್ಯ ಅವಳ ಎದುರು ಹೋಗಿ, ಏನಾದರೂ ಹೇಳಲೇಬೇಕಲ್ಲ ಎಂದು ಹೇಳಿದ. "ಬಸಪ್ಪ ಕೊಟ್ಬುಟ್ಟ ಕಣಮ್ಮ. ನಾನು ಮುಟ್ಲೇ ಇಲ್ಲ."

"ಅದೇ ನೋಡ್ದೆ," ಎಂದಳು ಪುಟ್ಟತಾಯಮ್ಮ. "ಬಸಪ್ಪನ್ನ ಯಾರು ಕೇಳಿದ್ರು ಅಯ್ನೋರೇ? ನಾವು ಕೇಳಿದ್ದು ನಿಮ್ಮನ್ನ."

ಗುರುಸಿದ್ದಯ್ಯ ಹಗ್ಗವನ್ನು ಮತ್ತೆ ಹೆಗಲಿಗೆ ಹಾಕಿಕೊಂಡ.

"ನಿಮ್ಮಪ್ಪಾರು ಹೆಗಲು ಒತ್ತೋದನ್ನ ನಾನು ಹೊಸಾ ಸೊಸೆಯಾಗಿ ಬಂದಾಗ್ಲೇ ಕಂಡಿದ್ದೆ. ಊರಿಗೆಲ್ಲ ಗೊತ್ತು. ಎಂಟು ದಿವ್ಸ ದನದ ಸಂಗಡ ಬಿದ್ದೆದ್ದೋರ ಬೆರಳು ಅದು ಅಂತ ನಾವು ಕೈ ಮುಗೀತಿದ್ದೊ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಎಷ್ಟೋ ಸಲೀಸಾಗುತ್ತಿತ್ತು. "ಆಸ್ಪತ್ರೆ ಬೇಕು ಅಂತ ನಿಮಗೆ ಕಂಡಿದ್ರೆ ಒತ್ಬೇಕಾಗಿತ್ತು. ನಾನೇನೂ ಅಂತಿರ್ಲಿಲ್ಲ. ಸುಮ್ನೆ ಯಾಕೆ ಬಿಟ್ರಿ?"

ಸುಸ್ತಾಗಿತ್ತಮ್ಮ ಎಂದು ಹೇಳಬೇಕೆನಿಸಿತು. ಅದಕ್ಕಿಂತ ನಿಜವಾದ ಉತ್ತರ ಅವನ ಬಳಿ ಇರಲಿಲ್ಲ. ಪುಟ್ಟತಾಯಮ್ಮ ಬಟ್ಟೆಯ ಸುತ್ತ ಚೆಲ್ಲಿದ್ದ ಅಕ್ಕಿಯನ್ನು ಇರುವೆಗೆಂದು ಮರದ ಬುಡಕ್ಕೆ ಸರಿಸಿ, ಬುಟ್ಟಿ ಎತ್ತಿಕೊಂಡು ಹೊರಟಳು.

ಕಾಯಿ ಬಲಿಯುವ ಮೊದಲೇ ಸಾಮಿಲ್ಲಿನವರು ಬಂದರು. ಅಪ್ಪಣೆಯಾದ ತೋಪಾದ್ದರಿಂದ ಯಾರೂ ಅಡ್ಡ ಬರಲಿಲ್ಲ. ಒಳ್ಳೆಯ ಕೆಲಸಗಾರರು, ಬೆಳಿಗ್ಗೆ ಒಂದು ಅಂಚಿನಿಂದ ಹಿಡಿದರೆ ಸಂಜೆಗೆ ಆಕಾಶ ಅಷ್ಟಗಲ ಕಾಣುವ ಹಾಗೆ ಮಾಡುತ್ತಿದ್ದರು. ಬಾವಲಿಗಳು ಹಗಲಿನಲ್ಲೇ ಎದ್ದು, ದಿಕ್ಕು ತೋಚದೆ ಊರ ಮೇಲೆ ಸುತ್ತು ಹೊಡೆದವು. ಎರಡು ದಿನ ಕೆರೆಯ ಏರಿಯ ಹುಣಿಸೆಮರದಲ್ಲಿ ಒಂದರ ಮೇಲೊಂದು ಜೋತುಬಿದ್ದಿದ್ದು, ಮೂರನೆಯ ದಿನ ಕಾಣಲಿಲ್ಲ. ಗುರುಸಿದ್ದಯ್ಯ ಗುಡಿಯ ಪೂಜೆ ಮುಗಿಸಿ ಜಗುಲಿಯಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಕೊಡಲಿಯ ಸದ್ದು ಅಲ್ಲಿಗೂ ಬರುತ್ತಿತ್ತು.

ಕೊನೆಯ ದಿನ ಮಧ್ಯಾಹ್ನ ಗಂಗಾಂಬಿಕೆ ಬಂದು ಎಬ್ಬಿಸಿದಳು. ಬಸಪ್ಪ ನೀರಿಗೆ ಬಂದಿಲ್ಲ, ಹೋಗಿ ನೋಡಿ ಎಂದಳು. ಹಗ್ಗ ಹೆಗಲಿಗೆ ಹಾಕಿಕೊಂಡು, ಕಾಲೆಳೆಯುತ್ತ ತೋಪಿಗೆ ಹೋದ. ತೋಪು ಎನ್ನುವುದು ನಾಲಿಗೆಗೆ ಬಂದ ಅಭ್ಯಾಸ, ಅಲ್ಲಿದ್ದದ್ದು ಬಯಲು. ಬುಡಗಳು ಹಸಿಯಾಗಿದ್ದವು, ಕತ್ತರಿಸಿದ ಕಡೆ ಹಾಲು ಒಸರಿ ಅಂಟಾಗಿತ್ತು. ದಿಮ್ಮಿ ತುಂಬಿದ ಲಾರಿಯೊಂದು ನಡುವೆ ನಿಂತಿತ್ತು, ಡ್ರೈವರು ಊಟಕ್ಕೆ ಹೋಗಿದ್ದ.

ದನಗಳು ದಿನಾ ಬರುವ ಹೊತ್ತಿಗೆ ಸರಿಯಾಗಿ ಬಂದುಬಿಟ್ಟಿದ್ದವು. ಲಾರಿಯ ಒಂದು ಪಕ್ಕಕ್ಕೆ ಬಿದ್ದಿದ್ದ ಸಣ್ಣ ನೆರಳಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಜಾಗ ಸಾಲದವು ಬಿಸಿಲಿನಲ್ಲಿ ತಲೆ ತಗ್ಗಿಸಿದ್ದವು. ಬಸಪ್ಪನೂ ಬಿಸಿಲಿನಲ್ಲೇ ಇದ್ದ. ಗುರುಸಿದ್ದಯ್ಯ ಬರುವುದನ್ನು ನೋಡಿ ಎರಡು ಹೆಜ್ಜೆ ಮುಂದೆ ಬಂದು ನಿಂತ. ಬಲಗಾಲನ್ನು ಎತ್ತಿ, ಹಾಗೇ ಹಿಡಿದ.

ಗುರುಸಿದ್ದಯ್ಯನ ಕೈಯಲ್ಲಿ ಬೆಲ್ಲವಿರಲಿಲ್ಲ. ಅವನು ಮೆಲ್ಲಗೆ, ಒಂದೊಂದೇ ಮೊಣಕಾಲನ್ನು ಊರಿ ಕಾದ ನೆಲದ ಮೇಲೆ ಕುಳಿತು, ಎರಡೂ ಅಂಗೈಯಲ್ಲಿ ಆ ಗೊರಸನ್ನು ತೆಗೆದುಕೊಂಡ. ಬಸಪ್ಪ ಕಾಲನ್ನು ಕೆಳಗಿಡಲಿಲ್ಲ. ಕಾಯುತ್ತಲೇ ನಿಂತಿದ್ದ.